ಅಳಿಸಿ ಬರೆಯುವ ಹಕ್ಕು: ಕೂಡ್ಲಿಗಿ-ಹರಪನಹಳ್ಳಿ ಸೀಮೆಯ ಗೋಡೆಚಿತ್ರ ಮತ್ತು ಸಮುದಾಯ ಕಲೆಯ ವಿಮರ್ಶೆ

1

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳು ಆಡಳಿತದ ನಕ್ಷೆಯಲ್ಲಿ ಮತ್ತೆ ಮತ್ತೆ ಜಾಗ ಬದಲಿಸಿದ ಸೀಮೆ. 1953ರ ವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯೊಡನೆ ಇವು ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯಿಂದ ಬೇರ್ಪಟ್ಟು ಕೊಟ್ಟೂರು ಪ್ರತ್ಯೇಕ ತಾಲೂಕಾಯಿತು. 2021ರಲ್ಲಿ ಐದೂ ತಾಲೂಕುಗಳು ವಿಜಯನಗರ ಜಿಲ್ಲೆಯ ಭಾಗವಾದವು. ಪ್ರತಿಸಲವೂ ಶಾಲೆ, ಪಂಚಾಯಿತಿ, ಆಸ್ಪತ್ರೆಗಳ ಗೋಡೆಯ ಮೇಲಿನ ಜಿಲ್ಲೆಯ ಹೆಸರನ್ನು ಅಳಿಸಿ ಹೊಸದಾಗಿ ಬರೆಯಬೇಕಾಯಿತು. ಆಡಳಿತವೂ ತನ್ನ ಅಸ್ತಿತ್ವವನ್ನು ಜನರಿಗೆ ತಿಳಿಸುವುದು ಗೋಡೆಯ ಮೂಲಕವೇ ಎಂಬುದು ಇದರಿಂದ ಗೊತ್ತಾಗುತ್ತದೆ.

ಅದೇ ಗೋಡೆಗಳ ಮೇಲೆ ಇದೇ ಸೀಮೆಯ ಹೆಣ್ಣುಮಕ್ಕಳು ವರ್ಷಕ್ಕೆ ಹಲವು ಬಾರಿ ಸುಣ್ಣ ಮತ್ತು ಕೆಮ್ಮಣ್ಣಿನಿಂದ ಬರೆಯುತ್ತ ಬಂದಿದ್ದಾರೆ. ಈ ಬರವಣಿಗೆಗೆ ನಮ್ಮ ಜಾನಪದ ಅಧ್ಯಯನದಲ್ಲಿ ದೊರೆತಿರುವ ಸ್ಥಾನ ತೀರ ಚಿಕ್ಕದು. ಇನ್ನೊಂದೆಡೆ, ಕಳೆದ ಎರಡು ದಶಕಗಳಲ್ಲಿ ನಗರಗಳಲ್ಲಿ ಹಲವರು ಕೂಡಿ ರಚಿಸುವ ಬೀದಿಗೋಡೆಯ ಚಿತ್ರಗಳಿಗೆ 'ಸಮುದಾಯ ಕಲೆ' ಎಂಬ ಗೌರವದ ಹೆಸರು ಬಂದಿದೆ. ಈ ಎರಡನ್ನೂ ಎದುರುಬದುರಾಗಿಟ್ಟು, ಗೋಡೆಯ ಮೇಲಿನ ಚಿತ್ರವೊಂದನ್ನು ಸಮುದಾಯದ್ದೆಂದು ಕರೆಯಲು ಯಾವ ಒರೆಗಲ್ಲು ಬೇಕು ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧದಲ್ಲಿ ಚರ್ಚಿಸಲಾಗಿದೆ.

2

ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಗೋಡೆಯ ಮಾಳಿಗೆ ಮನೆಗಳು. ಮಳೆ ಕಡಿಮೆಯಾದ ಬಯಲುನಾಡಿನಲ್ಲಿ ಮಣ್ಣಿನ ಗೋಡೆ ಬಾಳುತ್ತದೆ. ಆದರೆ ಕೈಯಾಡಿಸದಿದ್ದರೆ ಉದುರುತ್ತದೆ. ಆದ್ದರಿಂದ 'ಸಾರಣೆ-ಕಾರಣೆ' ಎಂಬ ಜೋಡಿಪದ ಇಲ್ಲಿ ಎರಡು ಕೆಲಸಗಳನ್ನು ಒಂದಾಗಿ ಹೇಳುತ್ತದೆ. ಸಾರಣೆ ಗೋಡೆಯನ್ನು ಉಳಿಸುವ ಕೆಲಸ, ಕಾರಣೆ ಅದನ್ನು ಚೆಲುವಾಗಿಸುವ ಕೆಲಸ. ಸಗಣಿ ಬೆರೆಸಿದ ಮಣ್ಣಿನಿಂದ ಸಾರಿಸಿ, ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ಆ ಪಟ್ಟಿಯ ಮೇಲಂಚಿನಲ್ಲಿ ಚುಕ್ಕಿ, ಗೆರೆ, ಬಳ್ಳಿಗಳನ್ನು ಬರೆಯುತ್ತಾರೆ. ದುರಸ್ತಿ ಎಲ್ಲಿ ಮುಗಿಯಿತು, ಅಲಂಕಾರ ಎಲ್ಲಿ ಮೊದಲಾಯಿತು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟ. ಕಲೆಯನ್ನು ಉಪಯೋಗದಿಂದ ಬಿಡಿಸಿ ನೋಡುವ ಸೌಂದರ್ಯಮೀಮಾಂಸೆಗೆ ಈ ಜೋಡಿಪದವೇ ಒಂದು ಉತ್ತರ.

ಈ ಚಿತ್ರಗಳಿಗೆ ಹಬ್ಬಗಳ ಪಂಚಾಂಗವಿದೆ. ನಾಗರಪಂಚಮಿಗೆ ಬಾಗಿಲಿನ ಪಕ್ಕದ ಗೋಡೆಯ ಮೇಲೆ ನಾಗಪ್ಪ ಮೂಡುತ್ತಾನೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವಾಗ ಹೊಲದಲ್ಲಿಟ್ಟ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಾರೆ. ದೀಪಾವಳಿಗೆ ಸಗಣಿಯಿಂದ ಪಾಂಡವರನ್ನೂ ಹಟ್ಟಿ ಲಕ್ಕವ್ವನನ್ನೂ ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವುಗಳನ್ನು ಸಿಕ್ಕಿಸುತ್ತಾರೆ. ಎತ್ತುಗಳ ಮೈಮೇಲೂ ಕೆಮ್ಮಣ್ಣಿನಲ್ಲಿ ಅದ್ದಿದ ಬಟ್ಟಲಿನ ಬಾಯಿಂದ ಉಂಗುರದಂಥ ಅಚ್ಚುಗಳು ಮೂಡುತ್ತವೆ. ಗೋಡೆ, ನೆಲ, ಕಲ್ಲು, ಎತ್ತಿನ ಮೈ ಇವೆಲ್ಲ ಒಂದೇ ಚಿತ್ರದ ಬೇರೆ ಬೇರೆ ಹಾಳೆಗಳು. ಮದುವೆಯಾದ ಮನೆಯ ಮುಂಗೋಡೆಯಲ್ಲಿ ವಧುವರರ ಹೆಸರು, ಕಳಸ, ಗಿಳಿಗಳು ಬರುತ್ತವೆ. ಮುಂದಿನ ಸುಣ್ಣ ಬೀಳುವ ವರೆಗೂ ಬೀದಿಯಲ್ಲಿ ಹೋಗುವವರು ಆ ಮನೆಯ ಸುದ್ದಿಯನ್ನು ಓದಿಕೊಂಡೇ ಹೋಗುತ್ತಾರೆ. ಮುದ್ರಣ ಮನೆಮನೆಗೆ ಬಾರದ ಕಾಲದಲ್ಲಿ ಗೋಡೆಯೇ ಊರಿನ ಪತ್ರಿಕೆಯಾಗಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಗಮನಿಸಬೇಕಾದ ಅಂಶ ಇನ್ನೊಂದಿದೆ. ಈ ಚಿತ್ರಗಳಲ್ಲಿ ಯಾವುದೂ ಉಳಿಯುವುದಕ್ಕಾಗಿ ಹುಟ್ಟಿದ್ದಲ್ಲ. ಹೋದ ವರ್ಷ ಅತ್ತೆ ಎಳೆದ ಬಳ್ಳಿಯ ಮೇಲೆ ಈ ವರ್ಷ ಸೊಸೆ ಸುಣ್ಣ ಬಳಿಯುತ್ತಾಳೆ. ಅದು ಅತ್ತೆಗೆ ಮಾಡಿದ ಅವಮಾನವೆಂದು ಯಾರೂ ತಿಳಿಯುವುದಿಲ್ಲ; ಬಳಿಯದೆ ಬಿಟ್ಟರೆ ಮಾತ್ರ ಮನೆಯಲ್ಲಿ ಸೂತಕವಿದೆಯೇ, ಏನಾದರೂ ಕೇಡಾಗಿದೆಯೇ ಎಂದು ನೆರೆಯವರು ಕೇಳುತ್ತಾರೆ. ಅಳಿಸಿ ಮತ್ತೆ ಬರೆಯುವ ಹಕ್ಕು ಇಲ್ಲಿ ಹೆಣ್ಣಿನಿಂದ ಹೆಣ್ಣಿಗೆ ದಾಟಿಬರುವ ಆಸ್ತಿ. ಚಿತ್ರ ಅಳಿಯುತ್ತದೆ, ಬರೆಯುವ ಅಧಿಕಾರ ಉಳಿಯುತ್ತದೆ.

ಈ ಬಗೆಯ ಒಟ್ಟು ಬರವಣಿಗೆಗೆ ಬಳ್ಳಾರಿ ಸೀಮೆಯಲ್ಲಿ ಬಹು ಪ್ರಾಚೀನವಾದ ಸಾಕ್ಷ್ಯವೂ ಇದೆ. ಬಳ್ಳಾರಿ ಸಮೀಪದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದ ಕುಟ್ಟುಚಿತ್ರಗಳನ್ನು 1892ರಲ್ಲಿ ಫಾಸೆಟ್ ವಿದ್ವತ್ ಲೋಕಕ್ಕೆ ಪರಿಚಯಿಸಿದರು. ನವಶಿಲಾಯುಗದಿಂದ ಮೊದಲುಗೊಂಡು ಅನಂತರದ ಕಾಲಗಳ ವರೆಗೆ ಒಂದೇ ಗುಡ್ಡದ ಬಂಡೆಗಳ ಮೇಲೆ ಜನ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸುತ್ತ ಹೋದರು. ಬರೆದವರು ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಆ ಗುಡ್ಡ ಅವರೆಲ್ಲರ ಕೂಡುಚಿತ್ರ. ಕಲ್ಲುಗಣಿಗಾರಿಕೆಯಿಂದ ಈ ಚಿತ್ರಗಳಿಗೆ ಧಕ್ಕೆಯಾಗಿದೆ. ಸುಣ್ಣದಿಂದ ಅಳಿದ ಚಿತ್ರ ಮತ್ತೆ ಬರುತ್ತದೆ, ಸಿಡಿಮದ್ದಿನಿಂದ ಅಳಿದದ್ದು ಬರುವುದಿಲ್ಲ. ಅಳಿವಿನಲ್ಲಿಯೂ ಎರಡು ಜಾತಿಗಳಿವೆ ಎಂಬುದನ್ನು ವಿಮರ್ಶೆ ಮರೆಯಬಾರದು.

3

ಹಳ್ಳಿಯ ಗೋಡೆಯನ್ನು ಸಮಾನತೆಯ ಸ್ವರ್ಗವೆಂದು ಚಿತ್ರಿಸುವುದು ಜಾನಪದ ವಿದ್ವಾಂಸರು ಸುಲಭವಾಗಿ ಬೀಳುವ ಹಳ್ಳ. ದೊಡ್ಡ ಮನೆಗಳ ಸುಣ್ಣ-ಸಾರಣೆಯ ದುಡಿಮೆ ಬಹುಮಟ್ಟಿಗೆ ಕೂಲಿ ಹೆಣ್ಣುಮಕ್ಕಳದು. ಮಣ್ಣು ಕಲಸಿದ ಕೈ, ಸುಣ್ಣ ಬಳಿದ ಕೈ, ಕೊನೆಗೆ ಬಳ್ಳಿ ಬರೆದ ಕೈ ಒಂದೇ ಆಗಿರಬೇಕೆಂದಿಲ್ಲ. ಹೊರಗೋಡೆಯನ್ನು ಮುಟ್ಟಬಹುದಾದವರು ಒಳಗೋಡೆಯನ್ನು ಮುಟ್ಟುವಂತಿರಲಿಲ್ಲ. ಸುಣ್ಣ ಸುಡುವುದನ್ನು ಕುಲಕಸುಬಾಗಿಸಿಕೊಂಡವರು ಊರಿಗೆಲ್ಲ ಬಿಳುಪು ಕೊಟ್ಟರೂ ಅವರ ಹೆಸರು ಯಾವ ಚಿತ್ರದ ವಿವರಣೆಯಲ್ಲಿಯೂ ಬರುವುದಿಲ್ಲ. ಆದ್ದರಿಂದ 'ಸಮುದಾಯ' ಎಂಬ ಪದವನ್ನು ಬಳಸುವಾಗ ಯಾರ ಗೋಡೆ, ಯಾರ ಕೈ, ಯಾರ ಅಪ್ಪಣೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು.

ಈ ಪ್ರಶ್ನೆಗಳನ್ನು ನಮ್ಮ ನಾಡಿನಲ್ಲಿ ಬಹಿರಂಗವಾಗಿ ಎತ್ತಿದ್ದು ಚಳವಳಿಗಳು. ದಲಿತ ಸಂಘರ್ಷ ಸಮಿತಿ, 1980ರಲ್ಲಿ ಹುಟ್ಟಿದ ರೈತಸಂಘ ಇವೆರಡಕ್ಕೂ ಗೋಡೆಬರಹ ದೊಡ್ಡ ಮಾಧ್ಯಮವಾಗಿತ್ತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ರೈತಸಂಘದ ಫಲಕಗಳು ಊರ ಬಾಗಿಲಲ್ಲಿ ನಿಂತಾಗ, ಗೋಡೆಯಿಂದ ಜನರಿಗೆ ಆಜ್ಞೆ ಕೊಡುತ್ತಿದ್ದ ಆಡಳಿತ ಮೊದಲ ಬಾರಿಗೆ ತಾನೇ ಓದುಗನಾಗಬೇಕಾಯಿತು. ಇದೇ ಕಾಲದಲ್ಲಿ, ಅಂದರೆ 1981ರಲ್ಲಿ, ತೆರೆದ ಸ್ಥಳಗಳ ವಿರೂಪವನ್ನು ತಡೆಯುವ ಅಧಿನಿಯಮ ಕರ್ನಾಟಕದಲ್ಲಿ ಬಂತು. ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವಲ್ಲಿ ಬರೆಯುವುದನ್ನೂ ಅಂಟಿಸುವುದನ್ನೂ ಈ ಕಾನೂನು ಕಾಣುವುದು ವಿರೂಪವಾಗಿ. ಸಾರಣೆ-ಕಾರಣೆಯ ಲೋಕದೃಷ್ಟಿಯಲ್ಲಾದರೋ ಬರೆಯದೆ ಬಿಟ್ಟ ಗೋಡೆಯೇ ವಿರೂಪ. ಒಂದೇ ಗೋಡೆಯ ಬಗ್ಗೆ ಇರುವ ಈ ಎರಡು ತಿಳಿವಳಿಕೆಗಳ ತಿಕ್ಕಾಟದಲ್ಲಿ ಇಂದಿನ ಬೀದಿಕಲೆಯ ಚರ್ಚೆಯನ್ನು ಇಟ್ಟು ನೋಡಬೇಕಾಗಿದೆ.

4

ಬೆಂಗಳೂರು ಮಹಾನಗರ ಪಾಲಿಕೆಯು 2009ರಲ್ಲಿ ನಗರದ ಗೋಡೆಗಳ ಮೇಲೆ ಸ್ಮಾರಕ, ಪ್ರಕೃತಿ, ವನ್ಯಜೀವಿಗಳ ಚಿತ್ರಗಳನ್ನು ಬರೆಯಿಸಿತು. ಭಿತ್ತಿಪತ್ರ ಅಂಟಿಸುವುದನ್ನೂ ಗೋಡೆ ಕೊಳಕು ಮಾಡುವುದನ್ನೂ ತಡೆಯುವುದು ಇದರ ಉದ್ದೇಶವಾಗಿತ್ತು. ಬರೆದವರು ಸಿನಿಮಾ ಬ್ಯಾನರ್ ಮತ್ತು ನಾಮಫಲಕದ ಕಲಾವಿದರು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಇವರಿಗೆ ಇದರಿಂದ ಕೂಲಿ ದೊರೆಯಿತು ಎಂಬುದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಏನು ಬರೆಯಬೇಕೆಂಬ ನಿರ್ಣಯ ಗೋಡೆಯ ಬದಿಯಲ್ಲಿ ಬದುಕುವವರದಾಗಿರಲಿಲ್ಲ. ಚಿತ್ರಕ್ಕೆ ಇಲ್ಲಿ ಕಾವಲುಗಾರನ ಕೆಲಸ. ಜನ ಬರೆಯದಿರಲಿ ಎಂದೇ ಅದನ್ನು ಬರೆಯಿಸಲಾಯಿತು. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಇದೇ ಮಾದರಿ ಸಣ್ಣ ಊರುಗಳ ಗೋಡೆಗಳಿಗೂ ಬಂತು. ತಾಲೂಕು ಕೇಂದ್ರಗಳ ಕಚೇರಿಗಳ ಗೋಡೆಗಳಲ್ಲಿ ಪೊರಕೆ, ಶೌಚಾಲಯ, ನಗುವ ಮಗುವಿನ ಚಿತ್ರಗಳನ್ನು ನೋಡುವಾಗ ಅವು ಯಾವ ಜಿಲ್ಲೆಯವೆಂದು ಹೇಳಲಾಗುವುದಿಲ್ಲ.

ಇದಕ್ಕೆ ಭಿನ್ನವಾದ ಪ್ರಯತ್ನಗಳೂ ಇವೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ಮೊಸಳೆಯನ್ನಿಟ್ಟು ನಗರಾಡಳಿತವನ್ನು ಎಚ್ಚರಿಸಿದರು. ರಸ್ತೆಯ ಗಾಯವನ್ನೇ ಚಿತ್ರದ ಚೌಕಟ್ಟಾಗಿಸಿದ ಈ ಕೃತಿ ಸಾರಣೆ-ಕಾರಣೆಗೆ ಹತ್ತಿರದ್ದು, ಏಕೆಂದರೆ ಗುಂಡಿ ಮುಚ್ಚಿದರೆ ಕೃತಿ ಅಳಿಯುತ್ತದೆ, ಅಳಿಯುವುದೇ ಅದರ ಗೆಲುವು. ಆದರೂ ಅದು ಒಬ್ಬ ಕಲಾವಿದನ ಸಹಿ ಹೊತ್ತ ಕೃತಿ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಬೆಂಗಳೂರಿನಲ್ಲಿ ಆರಂಭಿಸಿದ ಅರಾವಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗಾಂತರಿ ಮಹಿಳೆಯರು ಒಟ್ಟಾಗಿ ದೊಡ್ಡ ಗೋಡೆಗಳನ್ನು ಚಿತ್ರಿಸುತ್ತಾರೆ. ಯಾವ ಬೀದಿಯಲ್ಲಿ ತಮ್ಮನ್ನು ಹಳಿಯುತ್ತಾರೋ ಅದೇ ಬೀದಿಯಲ್ಲಿ ಹಗಲು ಹೊತ್ತಿನಲ್ಲಿ ಏಣಿ ಹತ್ತಿ ನಿಂತು ಬಣ್ಣ ಹಚ್ಚುವುದು ಮೂಡಿದ ಚಿತ್ರಕ್ಕಿಂತ ದೊಡ್ಡ ಘಟನೆ. ಹಗರಿಬೊಮ್ಮನಹಳ್ಳಿಗೆ ನೆರೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬೀದಿಯಲ್ಲಿ ಜೋಗತಿ ನೃತ್ಯ ಮಾಡಿದ ಪರಂಪರೆಗೂ ಬೀದಿಗೋಡೆಯ ಮೇಲಿನ ಈ ಹೊಸ ಚಿತ್ರಗಳಿಗೂ ಒಳನಂಟಿದೆ. ಎರಡರಲ್ಲಿಯೂ ಸಾರ್ವಜನಿಕ ಸ್ಥಳದಲ್ಲಿ ಕಾಣಿಸಿಕೊಳ್ಳುವುದೇ ಮೊದಲ ಹಕ್ಕೊತ್ತಾಯ.

ಹೊರದೇಶದ ಒಂದು ನಿದರ್ಶನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. 1967ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಕಪ್ಪುಜನರ ಕಲಾವಿದರು ಕೂಡಿ ಹಳೆಯ ಕಟ್ಟಡವೊಂದರ ಮೇಲೆ ತಮ್ಮ ಜನನಾಯಕರ, ಸಂಗೀತಗಾರರ, ಕವಿಗಳ ಚಿತ್ರ ಬರೆದರು. 'ಗೌರವದ ಗೋಡೆ' ಎಂದು ಹೆಸರಾದ ಅದು ಕೆಲವೇ ವರ್ಷಗಳಲ್ಲಿ ಕಟ್ಟಡದೊಡನೆ ನೆಲಸಮವಾಯಿತು. ಆದರೆ ಅದನ್ನು ಅನುಸರಿಸಿ ಅಮೆರಿಕದ ಅನೇಕ ನಗರಗಳಲ್ಲಿ ಜನರ ಗೋಡೆಚಿತ್ರಗಳು ಹುಟ್ಟಿದವು. ಅಳಿದ ಮೇಲೂ ಬರೆಯುವ ಅಧಿಕಾರ ಉಳಿಯಿತು ಎಂಬುದು ಇದರ ಪಾಠ.

5

ಹಾಗಾದರೆ ನಮ್ಮ ಸೀಮೆಯ ಗೋಡೆಚಿತ್ರವನ್ನು ಕಾಗದಕ್ಕಿಳಿಸಿ, ಚೌಕಟ್ಟು ಹಾಕಿ ಕಾಪಾಡಿದರೆ ಸಾಕೆ? ಬೇರೆಡೆಯ ಅನುಭವಗಳು ಎಚ್ಚರಿಕೆ ಹೇಳುತ್ತವೆ. ಬಿಹಾರದ ಮಿಥಿಲೆಯಲ್ಲಿ 1966-67ರ ಬರಗಾಲದ ಹೊತ್ತಿಗೆ ಭಾಸ್ಕರ ಕುಲಕರ್ಣಿಯವರ ಮೂಲಕ ಹೆಂಗಸರ ಗೋಡೆಚಿತ್ರ ಕಾಗದಕ್ಕೆ ಬಂದು ಮಾರುಕಟ್ಟೆ ಸೇರಿತು. ಹಸಿದ ಮನೆಗಳಿಗೆ ಅನ್ನವಾಯಿತು, ಸೀತಾದೇವಿ, ಗಂಗಾದೇವಿಯಂಥವರ ಹೆಸರು ಬೆಳಗಿತು. ಮಹಾರಾಷ್ಟ್ರದ ವಾರ್ಲಿಗಳಲ್ಲಿ ಮದುವೆಯ ಚೌಕವನ್ನು ಬರೆಯುತ್ತಿದ್ದವರು ಮುತ್ತೈದೆಯರು. 1970ರ ದಶಕದ ಅನಂತರ ಅದೇ ಕಲೆ ಲೋಕಪ್ರಸಿದ್ಧವಾದದ್ದು ಜಿವ್ಯಾ ಸೋಮಾ ಮಾಶೆ ಎಂಬ ಪುರುಷ ಕಲಾವಿದರ ಹೆಸರಿನಲ್ಲಿ. ಅವರ ಪ್ರತಿಭೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗೋಡೆಯಿಂದ ಕಾಗದಕ್ಕೆ ಬರುವಾಗ ಕೂಡುಕೈಗಳ ಚಿತ್ರ ಒಬ್ಬರ ಸಹಿಯಾಗುತ್ತದೆ, ಕೆಲವೊಮ್ಮೆ ಹೆಣ್ಣಿನ ಕೈಯಿಂದ ಗಂಡಿನ ಕೈಗೆ ಜಾರುತ್ತದೆ ಎಂಬುದೂ ನಿಜ.

ನಮ್ಮಲ್ಲಿ ಆಗಿರುವುದು ಬೇರೆ ಬಗೆಯ ನಷ್ಟ. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದಿದೆ, ಸುಣ್ಣ ಹೋಗಿ ಡಿಸ್ಟೆಂಪರ್ ಬಂದಿದೆ. ಒಮ್ಮೆ ಬಳಿದರೆ ವರ್ಷಗಟ್ಟಲೆ ನಿಲ್ಲುವ ಬಣ್ಣ ಹೆಣ್ಣುಮಕ್ಕಳ ದುಡಿಮೆಯನ್ನು ಕಡಿಮೆ ಮಾಡಿತು. ಅದನ್ನು ದೂರುವ ಅಧಿಕಾರ ಸಂಶೋಧಕರಿಗಿಲ್ಲ. ಆದರೆ ಆ ಬಣ್ಣವನ್ನು ಬಳಿಯುವವನು ಕೂಲಿಯ ಪೇಂಟರ್, ಬಣ್ಣ ಆರಿಸುವವನು ಮನೆಯ ಯಜಮಾನ. ಕೆಲಸದೊಡನೆ ಅಧಿಕಾರವೂ ಹೋಯಿತು. ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರಿನ ಕೆಂಪು ನೆಲದಲ್ಲಿ 2000ದ ದಶಕದಲ್ಲಿ ಅದಿರಿನ ಅಬ್ಬರ ಎದ್ದು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆಯೊಡ್ಡಬೇಕಾಯಿತು. ಕೆಮ್ಮಣ್ಣಿನ ಕೆಂಪೂ ಕಬ್ಬಿಣದ್ದೇ. ಮನೆಯ ಬುಡಕ್ಕೆ ಪಟ್ಟಿಯಾಗಿ ಎಳೆಯುತ್ತಿದ್ದ ಕೆಂಪು ಲಾರಿಗಳ ಧೂಳಾಗಿ ಗೋಡೆಗಳ ಮೇಲೆ ಕೂತಾಗ, ಯಾರೂ ಬರೆಯದ ಆ ಕೆಂಪನ್ನು ಒರೆಸುವ ಕೆಲಸವೂ ಹೆಣ್ಣುಮಕ್ಕಳಿಗೇ ಬಂತು.

ಇಷ್ಟರ ಹಿನ್ನೆಲೆಯಲ್ಲಿ ಸಮುದಾಯದ ಗೋಡೆಚಿತ್ರದ ವಿಮರ್ಶೆಗೆ ಒಂದು ಒರೆಗಲ್ಲನ್ನು ಸೂಚಿಸಬಹುದು. ಎಷ್ಟು ಜನ ಕೂಡಿ ಬರೆದರು, ಎಷ್ಟು ಚೆನ್ನಾಗಿ ಬರೆದರು ಎಂಬ ಪ್ರಶ್ನೆಗಳು ಅನಂತರದವು. ಮುಂದಿನ ವರ್ಷ ಅದನ್ನು ಅಳಿಸಿ ತಮ್ಮ ಮನಸ್ಸಿಗೆ ಬಂದದ್ದನ್ನು ಬರೆಯುವ ಹಕ್ಕು ಆ ಗೋಡೆಯ ಬದಿಯಲ್ಲಿ ಬಾಳುವವರಿಗೆ ಇದೆಯೇ ಎಂಬುದು ಮೊದಲ ಪ್ರಶ್ನೆ. ಈ ಹಕ್ಕಿಲ್ಲದ ಗೋಡೆಯಲ್ಲಿ ನೂರು ಜನ ಬಣ್ಣ ತುಂಬಿದರೂ ಅದು ಬೇರೆಯವರ ಚಿತ್ರ. ಈ ಹಕ್ಕಿರುವ ಗೋಡೆಯಲ್ಲಿ ಒಬ್ಬಳೇ ಮುದುಕಿ ಒಂದು ಗೆರೆ ಎಳೆದರೂ ಅದು ಊರಿನ ಚಿತ್ರ.

ಈ ದಿಕ್ಕಿನಲ್ಲಿ ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಕಪ್ಪುಪಟ್ಟಿ ಬಳಿದು, ಬರೆದು ಅಳಿಸಲು ಬಿಟ್ಟರು. ಶಿಕ್ಷಣಕ್ಕೆ ಹೊಳೆದ ಈ ಸರಳ ಉಪಾಯ ಸಂಸ್ಕೃತಿಯ ಸಂಸ್ಥೆಗಳಿಗೂ ಹೊಳೆಯಬೇಕು. ಐದೂ ತಾಲೂಕುಗಳ ಪಂಚಾಯಿತಿ ಕಟ್ಟಡಗಳಲ್ಲಿ ಒಂದೊಂದು ಗೋಡೆಯನ್ನಾದರೂ ಆ ಊರಿನ ಎಲ್ಲ ಕೇರಿಗಳ ಹೆಣ್ಣುಮಕ್ಕಳಿಗೆ ಹಬ್ಬದಿಂದ ಹಬ್ಬಕ್ಕೆ ಬಿಟ್ಟುಕೊಡುವುದು, ಮಣ್ಣು ಕಲಸಿದವರಿಂದ ಹಿಡಿದು ಬರೆದವರ ವರೆಗೆ ಎಲ್ಲರಿಗೂ ಕೂಲಿಯನ್ನು ಸಮನಾಗಿ ಕೊಡುವುದು, ಪ್ರತಿ ಬರವಣಿಗೆಯನ್ನೂ ಅಳಿಯುವ ಮುನ್ನ ಛಾಯಾಚಿತ್ರದಲ್ಲಿ ದಾಖಲಿಸುವುದು ಸಾಧ್ಯ. ಹಾಡುಗಳನ್ನು ಹತ್ತಾರು ಸಂಪುಟಗಳಲ್ಲಿ ಕೂಡಿಹಾಕಿದ ನಾವು, ಹಾಡಿದವರ ಬೆನ್ನ ಹಿಂದೆಯೇ ಇದ್ದ ಗೋಡೆಯನ್ನು ನೋಡದೆ ಬಂದೆವು. ಧ್ವನಿಮುದ್ರಿಕೆ ಹಿಡಿದು ನಾನೂ ಕುಳಿತದ್ದು ಅಂಥ ಪಡಸಾಲೆಗಳಲ್ಲಿಯೇ. ಅಂದು ಬರೆದುಕೊಂಡ ಟಿಪ್ಪಣಿಗಳಲ್ಲಿ ಹಾಡುಗಳಿವೆ, ಗೋಡೆಗಳಿಲ್ಲ. ಆ ಸುಣ್ಣದ ಪದರುಗಳನ್ನು ಮತ್ತೆ ತೆಗೆದು ಓದಲು ಬರುವುದಿಲ್ಲ. ಮುಂದಿನ ಪದರು ಬೀಳುವ ಮುನ್ನವಾದರೂ ನೋಡುವುದು ಈ ಅಧ್ಯಯನದ ಮೇಲಿರುವ ಋಣ.