ಬಿದ್ದವರನ್ನು ಬಿಡಿ, ನಿಂತವರನ್ನು ಎಣಿಸಿ

ಹೆವಿವೇಟ್ ಪಟ್ಟದ ಪಂದ್ಯ ನಿಗದಿಯಾಯಿತೆಂಬ ಸುದ್ದಿ ಬಂದರೆ ಸಾಕು, ಬಾಕ್ಸಿಂಗ್‌ನಲ್ಲಿ ಟೈಸನ್ ಹೆಸರೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದವರೂ ಜೋಯಿಸರಾಗಿಬಿಡುತ್ತಾರೆ. ಕವಡೆ ಬೇಕಿಲ್ಲ, ಪಂಚಾಂಗ ಬೇಕಿಲ್ಲ. ಇವನು ಅವನನ್ನು ಕೆಡವಿದ್ದಾನೆ, ಅವನು ಇನ್ನೊಬ್ಬನನ್ನು ಕೆಡವಿದ್ದಾನೆ, ಅಂದಮೇಲೆ ಆ ಇನ್ನೊಬ್ಬ ಇವನಿಗೆ ಯಾವ ಲೆಕ್ಕ? ಒಂದೇ ಒಂದು ಪಂದ್ಯವನ್ನೂ ನೋಡದೆ ಹೇಳಬಹುದಾದ ಭವಿಷ್ಯ ಇದು. ಕಸುಬಿನ ಪತ್ರಕರ್ತರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ಅಲಂಕಾರ ಸೇರಿಸಿ.

ಈ ಲೆಕ್ಕ ಅತ್ಯಂತ ಗಟ್ಟಿಯಾಗಿ ಕಂಡದ್ದು 1974ರಲ್ಲಿ. ಮುಹಮ್ಮದ್ ಅಲಿಯನ್ನು ಅದುವರೆಗೆ ಸೋಲಿಸಿದ್ದವರು ಇಬ್ಬರೇ. 1971ರ ಮಾರ್ಚ್‌ನಲ್ಲಿ ಜೋ ಫ್ರೇಜಿಯರ್, 1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್. ನಾರ್ಟನ್ ಅಂತೂ ಅಲಿಯ ದವಡೆಯನ್ನೇ ಮುರಿದಿದ್ದ. ಈ ಇಬ್ಬರನ್ನೂ ಜಾರ್ಜ್ ಫೋರ್‌ಮನ್ ಎರಡೆರಡು ಸುತ್ತುಗಳಲ್ಲಿ ಮುಗಿಸಿ ಮನೆಗೆ ಕಳಿಸಿದ್ದ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್ ಆರು ಸಲ ನೆಲ ಕಂಡ. ನಡುವೆ ಟೋಕಿಯೊದಲ್ಲಿ ಜೋ ರೋಮನ್ ಎಂಬವನು ಒಂದು ಸುತ್ತೂ ಪೂರೈಸಲಿಲ್ಲ. ಮೂರು ಪಟ್ಟದ ಪಂದ್ಯಗಳನ್ನು ಒಟ್ಟು ಸೇರಿಸಿದರೂ ಫೋರ್‌ಮನ್‌ಗೆ ಐದು ಸುತ್ತಿನ ದುಡಿಮೆ ಇರಲಿಲ್ಲ. 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ವಯಸ್ಸು 25. ಎದುರಿಗಿದ್ದ ಅಲಿಗೆ 32. ಅಕ್ಟೋಬರ್ 30ರ ನಸುಕಿನಲ್ಲಿ ಕಿನ್ಷಾಸಾದ ರಿಂಗ್‌ಗೆ ಇಬ್ಬರೂ ಇಳಿದಾಗ, ಅಲಿ ಜೀವಂತ ಹೊರಬಂದರೆ ಸಾಕು ಎಂದುಕೊಂಡವರಲ್ಲಿ ಅವನ ಬಳಗದವರೂ ಇದ್ದರು.

ಎಂಟನೇ ಸುತ್ತಿನಲ್ಲಿ ಬಿದ್ದದ್ದು ಫೋರ್‌ಮನ್.

ಹಗ್ಗಕ್ಕೆ ಒರಗಿ ಅಲಿ ಹೊಡೆತ ತಿಂದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ನನ್ನನ್ನು ಕಾಡುವುದು ಬೇರೆಯದು. 37 ನಾಕೌಟ್ ಎಂದು ಎಲ್ಲರೂ ಬರೆದರು. ಉಳಿದ ಮೂರು ಪಂದ್ಯಗಳಲ್ಲಿ ಏನಾಯಿತು ಎಂದು ಎಷ್ಟು ಮಂದಿ ಕೇಳಿದರು? ಆ ಮೂವರಲ್ಲಿ ಒಬ್ಬ ಅರ್ಜೆಂಟೀನಾದ ಗ್ರೆಗೋರಿಯೊ ಪೆರಾಲ್ಟಾ. ಹಿಂದೊಮ್ಮೆ ಲೈಟ್ ಹೆವಿವೇಟ್ ಪಟ್ಟಕ್ಕಾಗಿ ಹೋರಾಡಿದವನು. ಅಂದರೆ ಹುಟ್ಟಾ ದೊಡ್ಡ ಗಾತ್ರದವನಲ್ಲ, ಪ್ರಾಯವೂ ಇಳಿದಿತ್ತು. 1970ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನು ಫೋರ್‌ಮನ್‌ಗೆ ಹತ್ತು ಸುತ್ತು ನಿಂತ. ಮರುವರ್ಷ ಮತ್ತೆ ಸಿಕ್ಕಾಗಲೂ ಫೋರ್‌ಮನ್ ಅವನನ್ನು ನಿಲ್ಲಿಸಲು ಹತ್ತನೇ ಸುತ್ತಿನವರೆಗೆ ಕಾಯಬೇಕಾಯಿತು. ಫ್ರೇಜಿಯರ್‌ನಂಥ ಚಾಂಪಿಯನ್‌ಗೆ ಎರಡು ಸುತ್ತು, ಪೆರಾಲ್ಟಾಗೆ ಇಪ್ಪತ್ತರ ಹತ್ತಿರ! ಪೆರಾಲ್ಟಾ ಫ್ರೇಜಿಯರ್‌ಗಿಂತ ದೊಡ್ಡ ಬಾಕ್ಸರ್ ಎಂದು ಯಾರೂ ಹೇಳಲಾರರು. ಆದರೆ ಅವನು ಅನುಭವಿ, ಜಾರುಗುಳಿ, ಬಂದ ಏಟಿಗೆ ಎದೆಯೊಡ್ಡುವ ಜಾಯಮಾನದವನಲ್ಲ. ಫ್ರೇಜಿಯರ್ ಓಲಾಡುತ್ತ ತಲೆ ಬಗ್ಗಿಸಿ ನೇರ ಫೋರ್‌ಮನ್‌ನ ಅಪ್ಪರ್‌ಕಟ್‌ನ ದಾರಿಗೆ ಬರುವವನು. ನಾರ್ಟನ್ ಒತ್ತಡ ಬಿದ್ದಾಗ ನೇರ ಹಿಂದಕ್ಕೆ ಸರಿಯುವವನು. ಫೋರ್‌ಮನ್‌ಗೆ ಇಬ್ಬರೂ ಹಬ್ಬದೂಟ. ಅಲಿ ಈ ಇಬ್ಬರ ಜಾತಿಯಲ್ಲ, ಪೆರಾಲ್ಟಾನ ಜಾತಿ. ಗಾತ್ರದಲ್ಲಿ ದೊಡ್ಡವನು, ವಿದ್ಯೆಯಲ್ಲಿ ಇನ್ನೂ ದೊಡ್ಡವನು.

ಇದೇ ನನ್ನ ಪಾಠಪುಸ್ತಕ. ನಾಕೌಟ್ ವೀರನೊಬ್ಬನ ಪಂದ್ಯ ಬಂದಾಗ ಅವನು ಕೆಡವಿದವರ ಪಟ್ಟಿಯನ್ನು ಪಕ್ಕಕ್ಕಿಡುತ್ತೇನೆ. ಅವನ ಎದುರು ಕೊನೆಯ ಗಂಟೆಯವರೆಗೆ ನಿಂತವರು ಯಾರು, ಹೇಗಿದ್ದರು, ಏನು ಮಾಡಿ ನಿಂತರು ಎಂಬುದನ್ನು ಹುಡುಕುತ್ತೇನೆ. ಅವರು ಸೋತಿರಬಹುದು. ಆದರೆ ಬಾಗಿಲು ಎಲ್ಲಿ ಬಿರುಕು ಬಿಟ್ಟಿದೆ ಎಂದು ತೋರಿಸಿ ಹೋಗಿರುತ್ತಾರೆ.

ಕೆಡವಿದವರ ಪಟ್ಟಿಯನ್ನು ನಂಬದಿರಲು ಇನ್ನೊಂದು ಕಾರಣ ಉಂಟು. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಪದ್ಧತಿ ಇದೆಯಲ್ಲ, ಅಲ್ಲಿ ತೂಕ, ಮೈಕಟ್ಟು, ಅನುಭವ ಎಲ್ಲ ನೋಡಿ ಸಮಬಲರನ್ನೇ ಎದುರು ಬದುರು ನಿಲ್ಲಿಸುತ್ತಾರೆ. ಗೆಲ್ಲುವವನು ಯಾರೆಂದು ಕಟ್ಟಿದವರಿಗೇ ತಿಳಿಯಬಾರದು, ಅದೇ ಜೋಡಿಯ ಚಂದ. ಹಣದ ಬಾಕ್ಸಿಂಗ್‌ನಲ್ಲಿ ಇದಕ್ಕೆ ತಿರುಗುಮುರುಗು. ಉದಯೋನ್ಮುಖ ಹುಡುಗನಿಗೆ ಪ್ರವರ್ತಕರು ಮೊದಲ ಇಪ್ಪತ್ತು ಪಂದ್ಯಗಳಿಗೆ ಆಯ್ದು ಆಯ್ದು ಬೀಳುವವರನ್ನೇ ತರುತ್ತಾರೆ. ಫಲಿತಾಂಶ ಮೊದಲೇ ಗೊತ್ತಿದ್ದರೆ ಮಾತ್ರ ಆ ಜೋಡಿ ಒಳ್ಳೆಯದು. ಹೀಗೆ ಬೆಳೆಸಿದ ನಾಕೌಟ್ ಸಂಖ್ಯೆಯನ್ನು ಟಿ.ವಿ. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ತೋರಿಸಿದರೆ ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವೆ.

ಇನ್ನು ಟೈಸನ್. 1990ರ ಫೆಬ್ರುವರಿ 11ರಂದು ಟೋಕಿಯೊ ಡೋಮ್‌ಗೆ ಬಂದಾಗ ಅವನದು 37 ಗೆಲುವು, 33 ನಾಕೌಟ್. ಬಸ್ಟರ್ ಡಗ್ಲಸ್ ಎದುರಾಳಿ ಎಂದಾಗ ಹೆಚ್ಚಿನ ಬಾಜಿ ಕಟ್ಟೆಗಳು ಪುಸ್ತಕವನ್ನೇ ತೆರೆಯಲಿಲ್ಲ. ಲಾಸ್ ವೇಗಾಸ್‌ನ ಮಿರಾಜ್ ಕ್ಯಾಸಿನೊ ಡಗ್ಲಸ್ ಗೆದ್ದರೆ ಒಂದಕ್ಕೆ 42 ಕೊಡುವುದಾಗಿ ಹೇಳಿತು. ಇಲ್ಲಿಯೂ ಅದೇ ಕೂಡು-ಕಳೆಯುವ ಲೆಕ್ಕ. 1987ರ ಮೇ ತಿಂಗಳಲ್ಲಿ ಟೋನಿ ಟಕರ್ ಡಗ್ಲಸ್‌ನನ್ನು ಹತ್ತನೇ ಸುತ್ತಿನಲ್ಲಿ ನಿಲ್ಲಿಸಿದ್ದ. ಆಗಸ್ಟ್‌ನಲ್ಲಿ ಟೈಸನ್ ಟಕರ್‌ನನ್ನು ಸೋಲಿಸಿದ್ದ. ಡಗ್ಲಸ್‌ಗೆ ಇನ್ನೇನು ಉಳಿಯಿತು?

ನಾಕೌಟ್ ಆಗದ ಆ ನಾಲ್ವರನ್ನು ಕರೆದು ಸಾಲಾಗಿ ನಿಲ್ಲಿಸಿ ನೋಡಿ. ಜೇಮ್ಸ್ ಟಿಲ್ಲಿಸ್, ಮಿಚ್ ಗ್ರೀನ್, ಜೇಮ್ಸ್ ಸ್ಮಿತ್, ಮತ್ತು ಅದೇ ಟಕರ್. ಟಿಲ್ಲಿಸ್‌ನನ್ನು ಬಿಟ್ಟರೆ ಉಳಿದ ಮೂವರೂ ಆರಡಿ ನಾಲ್ಕು ಅಂಗುಲ ಅಥವಾ ಅದಕ್ಕೂ ಎತ್ತರ. ಟೈಸನ್ ಐದಡಿ ಹತ್ತು ಅಂಗುಲ. ಹತ್ತಿರ ಬಂದಾಗ ಅಪ್ಪಿ ಹಿಡಿದು, ದೂರವಿದ್ದಾಗ ಎಡಗೈಯ ಜ್ಯಾಬ್ ಚಾಚಿ ಕೊನೆಯವರೆಗೆ ಉಳಿದವರು ಇವರು. ಸ್ಮಿತ್ ಅಂತೂ ಹನ್ನೆರಡು ಸುತ್ತಿನ ಪಂದ್ಯವನ್ನು ಹನ್ನೆರಡು ಸುತ್ತಿನ ಆಲಿಂಗನ ಮಾಡಿ ನೋಡುಗರ ಶಾಪ ಉಂಡ. ಡಗ್ಲಸ್ ಆರಡಿ ಮೂರೂವರೆ ಅಂಗುಲ, ಉದ್ದ ತೋಳು, ಕತ್ತಿಯಂಥ ಜ್ಯಾಬ್. ಅವನಲ್ಲಿ ಇಲ್ಲದ್ದು ಶ್ರದ್ಧೆ. ಪಂದ್ಯಕ್ಕೆ ಮೂರು ವಾರ ಮುಂಚೆ ತಾಯಿ ತೀರಿಕೊಂಡಳು. ಆ ದುಃಖದಿಂದಲೋ ಏನೋ, ಅವತ್ತೊಂದು ದಿನ ಅದೂ ಇತ್ತು. ಇತ್ತ ಟೈಸನ್‌ನ ಮೂಲೆಯಲ್ಲಿ ಹಳೆಯ ಗುರು ಕೆವಿನ್ ರೂನಿ ಇರಲಿಲ್ಲ, 1988ರಲ್ಲೇ ಹೊರಹಾಕಿಯಾಗಿತ್ತು. ರೂನಿಯ ಜೊತೆಗೆ ಟೈಸನ್‌ನ ತಲೆ ಆಡಿಸುವ ಅಭ್ಯಾಸವೂ ಹೊರಟು ಹೋಗಿತ್ತು. ಟೋಕಿಯೊದ ತಾಲೀಮಿನಲ್ಲೇ ಗ್ರೆಗ್ ಪೇಜ್ ಅವನನ್ನು ಕೆಡವಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು, ಓದಿದವರು ನಕ್ಕು ಸುಮ್ಮನಾದರು. ಪಂದ್ಯದಲ್ಲಿ ಟೈಸನ್‌ನ ಕಣ್ಣು ಊದಿಕೊಂಡಾಗ ಊತ ಒತ್ತುವ ಲೋಹದ ತುಂಡು ಕೂಡ ಮೂಲೆಯವರ ಬಳಿ ಇರಲಿಲ್ಲ. ರಬ್ಬರ್ ಕೈಗವಸಿಗೆ ತಣ್ಣೀರು ತುಂಬಿ ಕಣ್ಣಿಗೆ ಒತ್ತಿದರು! ಹತ್ತನೇ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ತನ್ನ ಹಲ್ಲುಕವಚ ಹುಡುಕುತ್ತಿದ್ದ.

ಡಗ್ಲಸ್ ಗೆಲ್ಲುತ್ತಾನೆಂದು ಆ ನಾಲ್ಕು ಪಂದ್ಯಗಳು ಹೇಳುತ್ತಿದ್ದವೆ? ಇಲ್ಲ. ಒಂದಕ್ಕೆ 42 ಎಂಬುದು ಹುಚ್ಚು ಎಂದು ಮಾತ್ರ ಹೇಳುತ್ತಿದ್ದವು. ಭವಿಷ್ಯ ಹೇಳುವವನಿಗೆ ಅಷ್ಟು ಸಿಕ್ಕರೆ ಬೇಕಾದಷ್ಟಾಯಿತು.

ಇತ್ತೀಚಿನದಕ್ಕೆ ಬರೋಣ. 2019ರ ಜೂನ್ 1ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಂಟನಿ ಜೋಶುವಾ ಎದುರು ನಿಲ್ಲಬೇಕಿದ್ದವನು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಹೊರಬಿದ್ದ. ಕೊನೆ ಗಳಿಗೆಯಲ್ಲಿ ಬಂದದ್ದು ಆ್ಯಂಡಿ ರೂಯಿಜ್, ಹೊಟ್ಟೆ ತೂಗುವ ಡೊಳ್ಳು ಮನುಷ್ಯ. ಜೋಶುವಾನದು 22 ಗೆಲುವು, 21 ನಾಕೌಟ್. ಉಳಿದದ್ದು ಒಂದೇ ಒಂದು. 2018ರ ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ಹನ್ನೆರಡು ಸುತ್ತು ನಿಂತಿದ್ದ ನ್ಯೂಜಿಲೆಂಡ್‌ನ ಜೋಸೆಫ್ ಪಾರ್ಕರ್. ಪಾರ್ಕರ್‌ನ ಬಂಡವಾಳ ಚುರುಕು ಕೈ. ಅದೇ ಪಾರ್ಕರ್‌ಗೆ 2016ರಲ್ಲಿ ಆಕ್ಲೆಂಡ್‌ನಲ್ಲಿ ರೂಯಿಜ್ ಕೂದಲೆಳೆಯಲ್ಲಿ ಸೋತಿದ್ದ. ಹೆವಿವೇಟ್‌ನಲ್ಲಿ ಪಾರ್ಕರ್‌ಗಿಂತ ಕೈ ಚುರುಕಿನವನು ಯಾರಾದರೂ ಇದ್ದರೆ ಅದು ಈ ಡೊಳ್ಳು ಹೊಟ್ಟೆಯವನೇ. ಮೂರನೇ ಸುತ್ತಿನಲ್ಲಿ ಜೋಶುವಾ ಅವನನ್ನು ಮೊದಲು ಕೆಡವಿದ, ಮುಗಿಸಲು ನುಗ್ಗಿದ, ಹತ್ತಿರದ ಹೊಡೆದಾಟಕ್ಕೆ ಸಿಲುಕಿದ. ಆಮೇಲೆ ನಾಲ್ಕು ಸಲ ಬಿದ್ದು ಏಳನೇ ಸುತ್ತಿನಲ್ಲಿ ಪಟ್ಟ ಬಿಟ್ಟ. ಹೊಟ್ಟೆಯನ್ನು ನೋಡಿ ನಕ್ಕವರು ಕೈಯನ್ನು ನೋಡಲಿಲ್ಲ.

ಡಿಯಾಂಟೆ ವೈಲ್ಡರ್‌ನದು ಇನ್ನೂ ತೆರೆದ ಪುಸ್ತಕ. 2020ರ ಫೆಬ್ರುವರಿಯಲ್ಲಿ ಟೈಸನ್ ಫ್ಯೂರಿಯ ಜೊತೆ ಎರಡನೇ ಸಲ ರಿಂಗ್‌ಗಿಳಿದಾಗ, ಅದುವರೆಗೆ ಎದುರಿಸಿದವರಲ್ಲಿ ವೈಲ್ಡರ್ ನಾಕೌಟ್ ಮಾಡದೆ ಬಿಟ್ಟವನು ಒಬ್ಬನೇ, ಅವನು ಫ್ಯೂರಿಯೇ! ಅಂಥ ಸಾಕ್ಷಿಯನ್ನು ಕಣ್ಣೆದುರು ಇಟ್ಟುಕೊಂಡೂ ವೈಲ್ಡರ್ ಮೇಲೆ ಹಣ ಹಾಕಿದವರಿದ್ದರು. ಏಳನೇ ಸುತ್ತಿನಲ್ಲಿ ಅವನ ಮೂಲೆಯಿಂದ ಟವೆಲ್ ಹಾರಿ ಬಂತು.

ಈ ವಿದ್ಯೆ ಎಲ್ಲ ಕಡೆ ನಡೆಯುತ್ತದೆಂದು ಹೇಳಿದರೆ ನಾನೂ ಜೋಯಿಸನೇ. ಹೆವಿವೇಟ್ ಎಂಬುದು ಹಿಂದೆ ನೂರು ಕಿಲೋ ಭಾರವಿರುವ ಮುಷ್ಟಿ. ಅದು ಸರಿಯಾದ ಜಾಗಕ್ಕೆ ಬಿದ್ದರೆ ಹಿಂದಿನ ಪಂದ್ಯಗಳೆಲ್ಲ ರದ್ದಿ. 1994ರ ನವೆಂಬರ್‌ನಲ್ಲಿ 45 ವರ್ಷದ ಫೋರ್‌ಮನ್, ಹೌದು ಅದೇ ಫೋರ್‌ಮನ್, ಮೈಕಲ್ ಮೂರರ್ ಎದುರು ಒಂಬತ್ತು ಸುತ್ತು ಹಿಂದಿದ್ದ. ಮೂವರು ತೀರ್ಪುಗಾರರ ಚೀಟಿಯಲ್ಲೂ ಸೋಲುತ್ತಿದ್ದ. ಹತ್ತನೆಯದರಲ್ಲಿ ಗಿಡ್ಡ ಬಲಗೈ ಒಂದು ತಾಗಿತು, ಮೂರರ್ ಅಂಗಾತ. ಆ ರಾತ್ರಿ ಫೋರ್‌ಮನ್ ತೊಟ್ಟಿದ್ದು ಕಿನ್ಷಾಸಾದ ಕೆಂಪು ಚಡ್ಡಿ, ಅವನ ಮೂಲೆಯಲ್ಲಿ ಇದ್ದದ್ದು ಕಿನ್ಷಾಸಾದಲ್ಲಿ ಅಲಿಯ ಮೂಲೆಯಲ್ಲಿದ್ದ ಆಂಜೆಲೊ ಡಂಡಿ. ಇದನ್ನು ಯಾರು ಮೊದಲೇ ಹೇಳಿದ್ದೆ ಎನ್ನುತ್ತಾರೋ ಅವರ ಮಾತು ನಂಬಬೇಡಿ. ಲೆನಾಕ್ಸ್ ಲೂಯಿಸ್ 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಂ ರಹಮಾನ್‌ಗೆ ಬಿದ್ದದ್ದೂ ಒಂದೇ ಬಲಗೈಗೆ. ಅಲ್ಲಿ ಮಾತ್ರ ಸ್ವಲ್ಪ ಸುಳಿವು ಇತ್ತು: ಏಳು ವರ್ಷ ಹಿಂದೆ ಆಲಿವರ್ ಮೆಕಾಲ್ ಅವನನ್ನು ಕೆಡವಿದ್ದೂ ಒಂದೇ ಬಲಗೈಯಿಂದ. ಜೊತೆಗೆ, ತಾಲೀಮಿನ ಹೊತ್ತಿನಲ್ಲಿ ಲೂಯಿಸ್ ಹಾಲಿವುಡ್ ಸಿನಿಮಾ ಒಂದರಲ್ಲಿ ಮುಖ ತೋರಿಸಲು ಹೋಗಿದ್ದ.

ಯಾರೂ ಬೀಳದಿದ್ದರೆ? ಆಗ ಬಾಕ್ಸರ್‌ಗಳ ಭವಿಷ್ಯವಲ್ಲ, ರಿಂಗಿನ ಪಕ್ಕ ಕುರ್ಚಿಯಲ್ಲಿ ಕೂತ ಮೂವರ ಭವಿಷ್ಯ ಹೇಳಬೇಕು. 1999ರ ಮಾರ್ಚ್‌ನಲ್ಲಿ ಲೂಯಿಸ್‌ನನ್ನು ಮೂರನೇ ಸುತ್ತಿನಲ್ಲಿ ಮಲಗಿಸುತ್ತೇನೆಂದು ಇವಾಂಡರ್ ಹೋಲಿಫೀಲ್ಡ್ ಸಾರಿದ. ಮಲಗಿಸಲಿಲ್ಲ, ಬದಲಿಗೆ ಹನ್ನೆರಡು ಸುತ್ತು ಲೂಯಿಸ್‌ನ ಜ್ಯಾಬ್ ತಿಂದ. ತೀರ್ಪುಗಾರರಲ್ಲಿ ಒಬ್ಬರು 116-113 ಲೂಯಿಸ್‌ಗೆ, ಒಬ್ಬರು 115-115 ಸಮ, ಒಬ್ಬರು 115-113 ಹೋಲಿಫೀಲ್ಡ್‌ಗೆ! ಪಂದ್ಯ ಡ್ರಾ. ಲೂಯಿಸ್ ಹಗ್ಗದ ಬಳಿ ಹೋಲಿಫೀಲ್ಡ್‌ನನ್ನು ಒಂದೇ ಸಮನೆ ಬಡಿದ ಐದನೇ ಸುತ್ತು ಕೂಡ ಹೋಲಿಫೀಲ್ಡ್ ಪಾಲಿಗೆ ಹೋಗಿತ್ತು, ಕೊನೆಯ ಚೀಟಿಯಲ್ಲಿ. ಇದಕ್ಕೆ ಯಾವ ವಿದ್ಯೆಯೂ ಇಲ್ಲ.

ಸುತ್ತಿನ ಸಮೇತ ಭವಿಷ್ಯ ಹೇಳಿ ಮಾತು ಉಳಿಸಿಕೊಂಡವನು ನನಗೆ ಗೊತ್ತಿರುವಂತೆ ಒಬ್ಬನೇ, ಕ್ಯಾಸಿಯಸ್ ಕ್ಲೇ ಎಂಬ ಹೆಸರಿದ್ದ ಕಾಲದ ಅಲಿ. ಆರ್ಚಿ ಮೂರ್‌ಗೆ ನಾಲ್ಕು ಎಂದ, ನಾಲ್ಕು. ಹೆನ್ರಿ ಕೂಪರ್‌ಗೆ ಐದು ಎಂದ, ಐದು. ಸೋನಿ ಲಿಸ್ಟನ್‌ಗೆ ಎಂಟು ಎಂದ. ಲಿಸ್ಟನ್ ಅಷ್ಟೂ ಕಾಯದೆ ಆರು ಸುತ್ತು ಮುಗಿಸಿ ಸ್ಟೂಲ್ ಮೇಲೇ ಕೂತುಬಿಟ್ಟ. ಅಲ್ಲಿ ಅಭಿಪ್ರಾಯ ಕೇಳಿದ 46 ಬರಹಗಾರರಲ್ಲಿ 43 ಮಂದಿ ಲಿಸ್ಟನ್ ಎಂದಿದ್ದರು. ನಮ್ಮ ಕಸುಬಿನವರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಐವತ್ತು ವರ್ಷ ಕಳೆದರೂ ಆ ಹಳೆಯ ಲೆಕ್ಕ ಸತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಡೇನಿಯಲ್ ಡುಬೊವಾ ಐದೇ ಸುತ್ತಿನಲ್ಲಿ ಜೋಶುವಾನನ್ನು ಪುಡಿಗಟ್ಟಿದ. ಜೋಶುವಾ ಎದುರು ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್ ಎರಡು ಪಂದ್ಯ ಸೇರಿ ಇಪ್ಪತ್ತನಾಲ್ಕು ಸುತ್ತು ಬೆವರು ಹರಿಸಿ ಅಂಕಗಳ ಮೇಲೆ ಗೆದ್ದವನು. ಆದ್ದರಿಂದ ಡುಬೊವಾ ಈಗ ಉಸಿಕ್‌ಗಿಂತ ಮೇಲು, ಹಿಂದೊಮ್ಮೆ ಉಸಿಕ್ ಕೈಯಲ್ಲಿ ಉಂಡ ಸೋಲು ಹಳೆಯದಾಯಿತು ಎಂಬ ಮಾತು ಬ್ರಿಟನ್ನಿನಲ್ಲಿ ಜೋರಾಗಿಯೇ ಕೇಳಿತು. 2025ರ ಜುಲೈ 19ರಂದು ಅದೇ ವೆಂಬ್ಲಿಯಲ್ಲಿ, ಅದೇ ಐದನೇ ಸುತ್ತಿನಲ್ಲಿ, ಉಸಿಕ್‌ನ ಎಡಗೈ ಹುಕ್ ಡುಬೊವಾನನ್ನು ಮಲಗಿಸಿತು. ಜೋಶುವಾ ಡುಬೊವಾನಿಗೆ ಬೇಕಾದ ದೂರದಲ್ಲಿ ನಿಂತಿದ್ದ. ಉಸಿಕ್ ಯಾರಿಗೂ ಬೇಕಾದ ದೂರದಲ್ಲಿ ನಿಲ್ಲುವುದಿಲ್ಲ. ಎಡಗೈಯವನು, ಎದುರಾಳಿಯ ಮುಂಗಾಲಿನ ಹೊರಗೆ ತನ್ನ ಪಾದ ಇಟ್ಟು ಸದಾ ಅರ್ಧ ಹೆಜ್ಜೆ ಆಚೆ.

ಹಾಗಾದರೆ ಉಸಿಕ್‌ನನ್ನು ಸೋಲಿಸುವವನು ಎಂಥವನು? ಆ 2025ರ ಜುಲೈ ಪಂದ್ಯದವರೆಗಿನ ಅವನ 24 ಗೆಲುವುಗಳಲ್ಲಿ ನಾಕೌಟ್ 15. ನಿಂತ ಪಂದ್ಯಗಳು ಒಂಬತ್ತು: ಫ್ಯೂರಿ ಎರಡು ಸಲ, ಜೋಶುವಾ ಎರಡು ಸಲ, ಚಿಸೋರಾ, ಗಸ್ಸಿಯೆವ್, ಗ್ಲೊವಾಟ್ಸ್ಕಿ, ಹಂಟರ್, ಬ್ರಿಯೆಡಿಸ್. ಹೆಸರು ಮಾಡಿದ್ದು ಫ್ಯೂರಿಯ ಪಂದ್ಯಗಳು, ನಾನು ಮತ್ತೆ ಮತ್ತೆ ಹಾಕಿ ನೋಡುವುದು ಮಾತ್ರ ಕೊನೆಯವನದು. 2018ರ ಜನವರಿ, ಲಾಟ್ವಿಯಾದ ರೀಗಾ, ಹೆವಿವೇಟ್‌ಗೆ ಒಂದು ಮೆಟ್ಟಿಲು ಕೆಳಗಿನ ಕ್ರೂಸರ್‌ವೇಟ್ ಪಂದ್ಯ. ಮೈರಿಸ್ ಬ್ರಿಯೆಡಿಸ್ ತನ್ನ ಊರಿನವರ ಎದುರು ಹಿಂದೆ ಸರಿಯದೆ, ಎಡಗೈಯವನ ಹೆಜ್ಜೆಗೆ ಹೆದರದೆ, ಹೊಡೆದದ್ದಕ್ಕೆ ಕೂಡಲೇ ತಿರುಗಿ ಹೊಡೆದ. ಮೂವರು ತೀರ್ಪುಗಾರರಲ್ಲಿ ಒಬ್ಬರು ಸಮ ಎಂದರು. ಮುಂದೆ ಯಾರೇ ಉಸಿಕ್ ಎದುರು ಪಟ್ಟಕ್ಕೆ ನಿಂತರೂ, ಅವನ ತೂಕ, ತೋಳಿನ ಉದ್ದ, ನಾಕೌಟ್ ಸಂಖ್ಯೆಯನ್ನು ಬಾಜಿ ಕಟ್ಟೆಯವರಿಗೆ ಬಿಟ್ಟುಬಿಡಿ. ಬ್ರಿಯೆಡಿಸ್ ಆ ರಾತ್ರಿ ಮೊದಲ ಆರು ಸುತ್ತು ಮಾಡಿದ್ದನ್ನು ಅವನು ಹನ್ನೆರಡು ಸುತ್ತು ಮಾಡಬಲ್ಲನೇ ಎಂದು ಕೇಳಿ. ಬಲ್ಲ ಎನಿಸಿದರೆ ಆ ಹೆಸರಿನ ಮುಂದೆ ಒಂದಿಷ್ಟು ದುಡ್ಡಿಡಬಹುದು. ಮನೆ ಅಡವಿಡುವಷ್ಟಲ್ಲ.