ಎಪ್ಪತ್ತೈದು ಸೆಂಟಿನ ಲೆಕ್ಕ

ಕ್ಲಿಫರ್ಡ್ ಸ್ಟೋಲ್ ಬರೆದ 'ದಿ ಕುಕೂಸ್ ಎಗ್' (1989) ಶುರುವಾಗುವುದು 75 ಸೆಂಟಿನ ಲೆಕ್ಕ ತಪ್ಪಿದ್ದರಿಂದ. 1986ರಲ್ಲಿ ಬರ್ಕ್‌ಲಿ ಪ್ರಯೋಗಾಲಯದ ಕಂಪ್ಯೂಟರ್ ಬಳಕೆಯ ಬಿಲ್ಲು ತಾಳೆಯಾಗುವುದಿಲ್ಲ. ಅದರ ಬೆನ್ನು ಹತ್ತಿದ ಈ ಖಗೋಳವಿಜ್ಞಾನಿ ಕೊನೆಗೆ ಮುಟ್ಟುವುದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕುಸ್ ಹೆಸ್‌ನನ್ನು, ಅವನ ಹಿಂದಿದ್ದ ಕೆಜಿಬಿಯನ್ನು.

ಎಂ.ಎ. ಓದುವಾಗ ಇದನ್ನು ಪತ್ತೇದಾರಿ ಕಾದಂಬರಿಯ ಹಾಗೆ ಒಂದೇ ಉಸಿರಿಗೆ ಮುಗಿಸಿದ್ದೆ. ಈಗ ಸಂಶೋಧನೆಗೆಂದು ಮತ್ತೆ ತೆರೆದಾಗ ಮೊದಲ ಅಧ್ಯಾಯಗಳಲ್ಲೇ ನಿಂತುಬಿಟ್ಟೆ. ಕಳ್ಳ ಯಾವ ದಾರಿಯಲ್ಲಿ ಬರುತ್ತಾನೆಂದು ತಿಳಿಯದ ಸ್ಟೋಲ್, ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜಿನ ಮೇಲಿನ ಪ್ರಿಂಟರು, ಕಂಪ್ಯೂಟರುಗಳನ್ನು ಹೇಳದೆ ಕೇಳದೆ ಎತ್ತಿ ತಂದು 50 ಫೋನ್ ಲೈನುಗಳಿಗೆ ಜೋಡಿಸಿ ಅಲ್ಲೇ ಮಲಗುತ್ತಾನೆ. ನಗು ಬರುತ್ತದೆ, ನಿಜ. ಆದರೆ ಆ ಲೈನುಗಳಲ್ಲಿ ಬಂದವನು ಕಳ್ಳನೊಬ್ಬನೇ ಅಲ್ಲವಲ್ಲ! ಉಳಿದವರು ಟೈಪಿಸಿದ್ದೂ ಕಾಗದಕ್ಕೆ ಇಳಿದಿರಬೇಕು. ಈ ಪ್ರಶ್ನೆಯ ಬಳಿ ಕತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಓಟದ ರುಚಿ ಹಾಗಿದೆ.

ಹಾಗೆಂದು ಸ್ಟೋಲ್ ಮುಗ್ಧನಲ್ಲ. ಸರ್ಕಾರವನ್ನು ಅನುಮಾನಿಸುವ ಬರ್ಕ್‌ಲಿಯ ಗೆಳೆಯರ ನಡುವೆ ಬದುಕಿದವನು ಎಫ್‌ಬಿಐ, ಸಿಐಎಗಳಿಗೆ ತಾನೇ ಫೋನು ಮಾಡುತ್ತಾನೆ; ಆ ಮುಜುಗರವನ್ನು ಮುಚ್ಚಿಡುವುದಿಲ್ಲ. ನನ್ನ ಮಟ್ಟಿಗೆ ಪುಸ್ತಕದ ನಿಜವಾದ ಕತೆ ಅದೇ. ಸಂಗಾತಿ ಮಾರ್ಥಾಳ ಸಲಹೆಯಂತೆ ಸುಳ್ಳು ಕಡತಗಳನ್ನು ಹೆಣೆದು ಬಲೆ ಹಾಕುವಲ್ಲಂತೂ ಇಬ್ಬರಿಗೂ ಮಕ್ಕಳಾಟದ ಖುಷಿ.

ಹೆಸ್ ಮಾತ್ರ ಬಹುಮಟ್ಟಿಗೆ ತಾನು ಟೈಪಿಸಿದ ಆಜ್ಞೆಗಳಾಗಿಯೇ ಉಳಿಯುತ್ತಾನೆ. ಅವನ ಗುಂಪಿನ ಕಾರ್ಲ್ ಕೋಖ್‌ನ ಸುಟ್ಟ ದೇಹ 1989ರಲ್ಲಿ ಸೆಲ್ಲೆ ಬಳಿಯ ಕಾಡಿನಲ್ಲಿ ಸಿಕ್ಕಿತು. ಆ ಸಾವಿಗೆ ಸ್ಟೋಲ್ ಕೊಡುವುದು ಕೆಲವೇ ಸಾಲು. ನಾನು ಆ ಪುಟವನ್ನು ಮಡಿಚಿಟ್ಟಿದ್ದೇನೆ.