‘ತೇಲುವ ಹೋಟೆಲು’: ಕ್ರೂಸ್ ಸಲಹಾ ಬರಹದ ಒಂದು ರೂಪಕ

ಪ್ರವಾಸ ಪುರವಣಿಗಳಲ್ಲಿಯೂ ಕೈಪಿಡಿಗಳಲ್ಲಿಯೂ ಈಚಿನ ವರ್ಷಗಳಲ್ಲಿ ಬೇರೂರಿರುವ ಕ್ರೂಸ್ ಸಲಹಾ ಬರಹಕ್ಕೆ, ಎಂದರೆ ವಿಹಾರಕ್ಕೆಂದೇ ಸಂಚರಿಸುವ ಹಡಗಿನಲ್ಲಿ ರಜೆ ಕಳೆಯಬಯಸುವವರಿಗೆ ದರ, ಕೋಣೆ, ಉಡುಪು, ಊಟಗಳ ವಿಷಯದಲ್ಲಿ ದಾರಿ ತೋರಿಸುವ ಬರಹಕ್ಕೆ, ‘ಉಪಯುಕ್ತ’ ಎಂಬ ವಿಶೇಷಣ ಸಲೀಸಾಗಿ ಅಂಟಿಕೊಂಡಿದೆ. ಸಾಹಿತ್ಯವಲ್ಲವೆಂಬ ಕಾರಣಕ್ಕೆ ವಿಮರ್ಶಕರು ಅದನ್ನು ಓದುವುದಿಲ್ಲ. ಉಪಯುಕ್ತವೆಂಬ ನಂಬಿಕೆಯಿಂದ ಓದುಗರು ಅದನ್ನು ಪ್ರಶ್ನಿಸುವುದಿಲ್ಲ. ಈ ಎರಡು ರಿಯಾಯಿತಿಗಳ ನೆರಳಿನಲ್ಲಿ ಬೆಳೆದ ಬರಹವನ್ನು ಉಪಯುಕ್ತತೆಯ ಅಳತೆಗೋಲಿನಿಂದಲೇ ಅಳೆಯಬೇಕಾಗಿದೆ, ಮತ್ತು ಆ ಅಳತೆಗೆ ಕಡಲನ್ನು ಕಂಡು ಬೆಳೆದ ಮಂಗಳೂರಿನ ಓದುಗರಿಗಿಂತ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿನ ಓದುಗರು ಹೆಚ್ಚು ತಕ್ಕವರು. ಏಕೆಂದರೆ ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳ ಸೀಮೆಯಲ್ಲಿರುವ, ಕಡಲಿನಿಂದ ದೂರದ ಆ ಊರಿನವರಿಗೆ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೌಕರಿಯಲ್ಲಿರುವ ಮಕ್ಕಳು ಹಡಗಿನ ಟಿಕೆಟು ತೆಗೆಸಿ ಕರೆದಾಗ, ಬರಹದಲ್ಲಿ ಓದಿದ್ದನ್ನು ಬಿಟ್ಟರೆ ಬೇರೆ ಆಧಾರವಿರುವುದಿಲ್ಲ. ಆ ಅಳತೆಯಲ್ಲಿ ಈ ಬರಹ ಸೋಲುತ್ತದೆ. ಸೋಲಿನ ಮೂಲವನ್ನು ಮಾಹಿತಿಯ ಕೊರತೆಯಲ್ಲಿ ಹುಡುಕುವುದಕ್ಕಿಂತ ‘ತೇಲುವ ಹೋಟೆಲು’ ಎಂಬ, ಬಹುಪಾಲು ಲೇಖನಗಳ ಮೊದಲ ಪರಿಚ್ಛೇದದಲ್ಲಿಯೇ ಎದುರಾಗುವ ಒಂದು ರೂಪಕದಲ್ಲಿ ಹುಡುಕುವುದು ಸರಿಯಾದ ದಾರಿ.

ರೂಪಕದ ಹಿನ್ನೆಲೆ ಪರಿಚಿತವಾದದ್ದೇ. ಒಂದು ಬಂದರಿನಿಂದ ಇನ್ನೊಂದಕ್ಕೆ ಗೊತ್ತಾದ ವೇಳೆಗೆ ಜನರನ್ನು ಮುಟ್ಟಿಸುತ್ತಿದ್ದ ‘ಲೈನರ್’ ಹಡಗುಗಳಿಗೆ, 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ, ಕೆಲಸ ತಪ್ಪುತ್ತ ಬಂದಿತು. 1960ರ ದಶಕದ ಕೊನೆಯಿಂದ ಅಮೆರಿಕದ ಮಯಾಮಿಯ ಕಂಪನಿಗಳು ಸುತ್ತಾಡಿ ಹೊರಟ ಬಂದರಿಗೇ ಮರಳುವ ಕ್ರೂಸ್ ಯಾನವನ್ನು ಜನಪ್ರಿಯಗೊಳಿಸಿದವು. ತಲುಪಬೇಕಾದ ಸ್ಥಳವಿಲ್ಲದ ಹಡಗು ತಾನೇ ಸ್ಥಳವೆನಿಸಿಕೊಂಡಿತು, ಜಾಹೀರಾತು ಅದನ್ನು ಹೋಟೆಲೆಂದು ಕರೆಯಿತು. ಭಾರತದಲ್ಲಿ 2021ರ ಸೆಪ್ಟೆಂಬರಿನಿಂದ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’, 1990ರಲ್ಲಿ ಕಟ್ಟಲಾದ ಹಡಗು, ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಸಂಚಾರ ಆರಂಭಿಸಿದಾಗಲೂ, 2023ರ ಜನವರಿ 13ರಂದು ‘ಗಂಗಾ ವಿಲಾಸ್’ ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನಗಳ ನದೀಯಾನಕ್ಕೆ ಹೊರಟಾಗಲೂ ಕನ್ನಡದ ಸಲಹಾ ಬರಹ ಆ ಜಾಹೀರಾತಿನ ಪದವನ್ನು ಒರೆಗೆ ಹಚ್ಚದೆ ಎತ್ತಿಕೊಂಡಿತು.

ರೂಪಕವೊಂದು ಸಲಹೆಯ ಕೆಲಸ ಮಾಡಬೇಕಾದರೆ ಅದು ಹೋಲಿಸುವ ಎರಡು ವಸ್ತುಗಳು ಓದುಗ ಎಡವಬಹುದಾದ ಜಾಗಗಳಲ್ಲಿ ಹೋಲಬೇಕು. ಹೋಟೆಲಿನ ಮೊದಲ ಲಕ್ಷಣವೆಂದರೆ ಅತಿಥಿ ತನಗೆ ಬೇಕಾದಾಗ ಹೊರಗೆ ಹೋಗಿ ಬೇಕಾದಾಗ ಒಳಗೆ ಬರಬಹುದು, ತಡವಾದರೆ ಹೆಚ್ಚೆಂದರೆ ಊಟ ತಪ್ಪುತ್ತದೆ. ಹಡಗಿನಲ್ಲಿ ತಡವಾದರೆ ಹಡಗೇ ತಪ್ಪುತ್ತದೆ. ಪ್ರತಿ ಬಂದರಿನಲ್ಲಿಯೂ ಎಲ್ಲರೂ ಹಡಗಿಗೆ ಮರಳಿರಬೇಕಾದ ಗಡುವೊಂದಿರುತ್ತದೆ, ಅದು ಹಡಗು ಹೊರಡುವ ಹೊತ್ತಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚಿನದಾಗಿರುತ್ತದೆ, ಮತ್ತು ಆ ಗಡುವನ್ನು ಹಡಗಿನ ಗಡಿಯಾರದಂತೆ ಲೆಕ್ಕ ಹಾಕಲಾಗುತ್ತದೆ. ದಡದ ಊರಿನ ಸಮಯಕ್ಕೆ ಮೊಬೈಲು ತಾನಾಗಿ ಹೊಂದಿಕೊಂಡಿದ್ದರೆ ಎರಡರ ನಡುವೆ ಒಂದು ಗಂಟೆಯ ಅಂತರ ಬೀಳಬಹುದು. ಕಂಪನಿಯೇ ಏರ್ಪಡಿಸಿದ ದಡದ ತಿರುಗಾಟದ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಬಾಡಿಗೆ ಕಾರಿನಲ್ಲಿ ಹೋದವರಿಗೆ ಕಾಯುವುದಿಲ್ಲ, ಮುಂದಿನ ಬಂದರಿಗೆ ಅವರು ತಮ್ಮ ಖರ್ಚಿನಲ್ಲಿ ಹೋಗಿ ಹತ್ತಿಕೊಳ್ಳಬೇಕು. ಸಲಹಾ ಬರಹ ಈ ಎರಡು ಬಗೆಯ ತಿರುಗಾಟಗಳನ್ನು ಬೆಲೆಯಿಂದ ಮಾತ್ರ ಹೋಲಿಸಿ, ಸ್ವಂತ ಕಾರು ಅಗ್ಗವೆಂದು ತೀರ್ಪು ಕೊಟ್ಟು ಮುಗಿಸುತ್ತದೆ. ಕಂಪನಿಯ ಹೆಚ್ಚಿನ ದರದಲ್ಲಿ ಕಾಯುವಿಕೆಯ ಬೆಲೆಯೂ ಸೇರಿದೆಯೆಂಬುದು ಹೋಟೆಲಿನ ಕಣ್ಣಿಗೆ ಕಾಣುವುದಿಲ್ಲ.

ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಪಣಂಬೂರಿನ ನವ ಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ, ಹೆಚ್ಚಾಗಿ ನವೆಂಬರಿನಿಂದ ಬೇಸಿಗೆಯವರೆಗೆ, ವಿದೇಶಿ ವಿಹಾರ ಹಡಗುಗಳು ಬರುತ್ತವೆ. ಅವುಗಳಿಂದ ಇಳಿದವರು ಸುಮಾರು 35 ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯನ್ನೂ, ಕಾರ್ಕಳದಲ್ಲಿ 1432ರ ಬಾಹುಬಲಿಯನ್ನೂ, ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನವನ್ನೂ, ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳನ್ನೂ ನೋಡಿ ಗಡುವಿನೊಳಗೆ ಹಡಗು ಸೇರಬೇಕು. ಅವರನ್ನು ಕರೆದೊಯ್ಯುವ ಟ್ಯಾಕ್ಸಿ ಚಾಲಕರು ಗುರುಪುರ, ಕೈಕಂಬದ ರಸ್ತೆಯಲ್ಲಿ ಮರಳುವಾಗ ಯಾವ ಲೆಕ್ಕ ಹಾಕಬೇಕಾಗುತ್ತದೆಯೋ ಅದೇ ಲೆಕ್ಕವನ್ನು ಕನ್ನಡದ ಪ್ರವಾಸಿಯೂ ಪರದೇಶದ ಬಂದರಿನಲ್ಲಿ ಹಾಕಬೇಕು. ಮಯಾಮಿಯ ಕರಪತ್ರಗಳನ್ನು ಅನುವಾದಿಸುವ ಸಲಹೆಗಾರರು ಪಣಂಬೂರಿನ ಗೇಟಿನ ಹೊರಗೆ ಒಂದು ದಿನ ನಿಂತಿದ್ದರೆ ಬರಹದ ದಿಕ್ಕೇ ಬದಲಾಗುತ್ತಿತ್ತು.

ಕೋಣೆಯ ವಿಚಾರದಲ್ಲಿ ರೂಪಕ ಇನ್ನಷ್ಟು ದಾರಿ ತಪ್ಪಿಸುತ್ತದೆ. ಹೋಟೆಲಿನಲ್ಲಿ ಮೇಲಿನ ಮಹಡಿ, ಮೂಲೆಯ ಕೋಣೆ, ಬಾಲ್ಕನಿ ಇವು ಹೆಚ್ಚು ಬೆಲೆಯವು, ಆದ್ದರಿಂದ ಹೆಚ್ಚು ಒಳ್ಳೆಯವು ಎಂಬ ಕ್ರಮ ಹಡಗಿಗೂ ಸಲ್ಲುತ್ತದೆಂದು ಬರೆಯಲಾಗುತ್ತದೆ. ಹಡಗಿನ ಓಲಾಟ ಅದರ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ ಅತಿ ಕಡಿಮೆ. ಮುಂತುದಿ, ಹಿಂತುದಿ, ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ತೂಗುಯ್ಯಾಲೆಯ ಹಗ್ಗ ಕಟ್ಟಿದ ಕಡೆಗಿಂತ ತುದಿಯಲ್ಲಿ ಕುಳಿತವರಿಗೆ ತಲೆ ಸುತ್ತುವ ನ್ಯಾಯವೇ ಇದು. ಬಸ್ಸಿನಲ್ಲಿ ಘಾಟಿ ಇಳಿಯುವಾಗಲೇ ವಾಂತಿಯಾಗುವವರಿಗೆ ಕಿಟಕಿಯಿಲ್ಲದ, ಅಗ್ಗದ, ನಡುಭಾಗದ ಒಳಕೋಣೆ ಮೇಲಂತಸ್ತಿನ ಬಾಲ್ಕನಿಗಿಂತ ಹಿತವಾಗಬಹುದು, ಮತ್ತು ಓಲಾಟದ ವಾಂತಿಗೆ ವೈದ್ಯರು ಬರೆದುಕೊಡುವ ಗುಳಿಗೆಯನ್ನು ತಲೆ ಸುತ್ತಿದ ಮೇಲಲ್ಲ, ಮುಂಚೆಯೇ ನುಂಗಬೇಕು. ಕೋಣೆಯ ದರವೂ ‘ತಲೆಗೆ ಇಷ್ಟು’ ಎಂದು ಅಚ್ಚಾಗಿದ್ದರೂ ಅದು ಇಬ್ಬರು ಒಂದು ಕೋಣೆ ಹಂಚಿಕೊಂಡಾಗಿನ ದರ. ಒಬ್ಬರೇ ಹೋಗುವ ವಿಧವೆ ತಾಯಿ ಅಥವಾ ವಿಧುರ ತಂದೆ ಹಲವು ಸಲ ಎರಡು ತಲೆಗಳ ಹತ್ತಿರ ಹತ್ತಿರದ ಹಣ ತೆರಬೇಕಾಗುತ್ತದೆ.

‘ಎಲ್ಲವೂ ಸೇರಿದೆ’ ಎಂಬ ಮಾತು ಇದೇ ರೂಪಕದ ಮರಿ. ಸೇರಿರುವುದು ಕೋಣೆ, ಮುಖ್ಯ ಊಟದ ಮನೆಗಳ ಊಟ, ಮನರಂಜನೆ. ಬಹುಪಾಲು ಯಾನಗಳಲ್ಲಿ ಸೇರದಿರುವುದು ಬಂದರು ಶುಲ್ಕ, ತೆರಿಗೆ, ಮದ್ಯ ಮತ್ತು ಬಾಟಲಿ ಪಾನೀಯ, ಇಂಟರ್‌ನೆಟ್, ದಡದ ತಿರುಗಾಟ, ವೈದ್ಯರ ಶುಲ್ಕ, ದಿನಕ್ಕೆ ತಲೆಗೆ ಇಷ್ಟೆಂದು ಹಡಗಿನ ಕೆಲಸಗಾರರ ಹೆಸರಿನಲ್ಲಿ ಖಾತೆಗೆ ಸೇರುವ ಸೇವಾಶುಲ್ಕ. ನಡುಗಡಲಿನಲ್ಲಿ ಮೊಬೈಲು ಉಪಗ್ರಹದ ಜಾಲಕ್ಕೆ ತಾನಾಗಿ ಸೇರಿಕೊಂಡು ಬಿಲ್ಲು ಏರುವುದರಿಂದ ಬಂದರು ಬಿಟ್ಟೊಡನೆ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕೆಂಬ ಒಂದು ಸಾಲಿನ ಸಲಹೆ, ಎರಡು ಪುಟ ತುಂಬುವ ಸಂಜೆಯ ಉಡುಪಿನ ವರ್ಣನೆಗಿಂತ ಹೆಚ್ಚು ಹಣ ಉಳಿಸುತ್ತದೆ. ಸೇವಾಶುಲ್ಕದ ಬಗ್ಗೆ ಸಲಹೆಗಾರರು ತೋರುವ ಅಸಹನೆಯಂತೂ ರೂಪಕ ಯಾರನ್ನು ಮರೆಮಾಡುತ್ತದೆಂಬುದನ್ನು ಹೊರಗೆಡಹುತ್ತದೆ: 2020ರ ಫೆಬ್ರವರಿಯಲ್ಲಿ ಕೋವಿಡ್ ಸೋಂಕಿನಿಂದ ಯೊಕೊಹಾಮಾ ಬಂದರಿನಲ್ಲಿ ದಿಗ್ಬಂಧನಕ್ಕೆ ಒಳಗಾದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಹಡಗಿನ ಕೆಲಸಗಾರರು, ಆರು ಮಂದಿ ಮಾತ್ರ ಪ್ರಯಾಣಿಕರು.

ಅಪಾಯದ ವಿಷಯದಲ್ಲಿ ಹೋಲಿಕೆ ಪೂರ್ತಿಯಾಗಿ ಕುಸಿಯುತ್ತದೆ. ಹೋಟೆಲಿಗೆ ಬೆಂಕಿ ಬಿದ್ದರೆ ರಸ್ತೆಗೆ ಓಡಬಹುದು. ಹಡಗಿನಲ್ಲಿ ಓಡಬೇಕಾದದ್ದು ಸೇರುವ ಠಾಣೆಗೆ, ಎಂದರೆ ಪ್ರತಿಯೊಬ್ಬ ಪ್ರಯಾಣಿಕರಿಗೂ ಮುಂಚೆಯೇ ಗೊತ್ತುಮಾಡಿದ, ಜೀವರಕ್ಷಕ ದೋಣಿಗಳಿಗೆ ಕರೆದೊಯ್ಯುವ ಜಾಗಕ್ಕೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದು ಮಗುಚಿದ ‘ಕೋಸ್ಟಾ ಕಾಂಕಾರ್ಡಿಯಾ’ದಲ್ಲಿ 32 ಮಂದಿ ಸತ್ತರು, ಆ ಸಂಜೆ ಹತ್ತಿದವರಿಗೆ ಠಾಣೆಯ ತಾಲೀಮು ಇನ್ನೂ ಆಗಿರಲಿಲ್ಲ, ಏಕೆಂದರೆ ಆಗಿನ ನಿಯಮ 24 ಗಂಟೆಯ ಅವಕಾಶ ಕೊಟ್ಟಿತ್ತು. ಟೈಟಾನಿಕ್ ದುರಂತದ ಬಳಿಕ 1914ರಲ್ಲಿ ಹುಟ್ಟಿದ ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷಾ ಒಡಂಬಡಿಕೆಯನ್ನು ತಿದ್ದಿ, 2015ರ ಜನವರಿಯಿಂದ ತಾಲೀಮು ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆ ನಡೆಯಬೇಕೆಂದು ವಿಧಿಸಲಾಯಿತು. ಈ ತಾಲೀಮನ್ನು ಬೇಸರದ ವಿಧಿಯೆಂದು ನಗೆಯಾಡುತ್ತ ದಾಟಿಬಿಡುವ ಸಲಹಾ ಬರಹ ತನ್ನ ಹೆಸರಿಗೆ ಅರ್ಹವಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಕೈಚೀಲದಲ್ಲಿಯೇ ಇಡಬೇಕು, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರಲು ಗಂಟೆಗಳೇ ಹಿಡಿಯಬಹುದು. ಕಡಲಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಭರಿಸುವ ವಿಮೆ ಇರಬೇಕು. ಹಡಗುಗಳಲ್ಲಿ ಬೇಗ ಹರಡುವ ನೊರೊವೈರಸ್ಸಿನ ವಾಂತಿಭೇದಿಗೆ ಬಾಗಿಲಲ್ಲಿರುವ ಸ್ಯಾನಿಟೈಸರಿಗಿಂತ ಸಾಬೂನು ನೀರು ಹೆಚ್ಚು ಫಲಕಾರಿ.

ಹೋಟೆಲು ನಿಂತ ನೆಲದ ಕಾನೂನಿಗೆ ಒಳಪಟ್ಟದ್ದು. ಹಡಗು ಬಹಾಮಾಸಿನದೋ ಪನಾಮಾದ್ದೋ ಧ್ವಜ ಹಾರಿಸಿ ಹಲವು ನೆಲಗಳ ಕಾನೂನುಗಳ ನಡುವೆ ಸಾಗುವಂಥದ್ದು. ಅಮೆರಿಕದ ಸಿಯಾಟಲಿನಿಂದ ಅಲಾಸ್ಕಾಕ್ಕೆ ಹೋಗುವ ಯಾನ ಇದಕ್ಕೆ ತಕ್ಕ ಉದಾಹರಣೆ, ಏಕೆಂದರೆ ಅಮೆರಿಕದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಕರೆದೊಯ್ಯುವುದು ಬಹಳ ಸಲ ಅಲ್ಲಿಗೇ. ಹೊರಡುವುದೂ ಮರಳುವುದೂ ಅಮೆರಿಕದ ಬಂದರಾದರೂ, ವಿದೇಶಿ ಧ್ವಜದ ಹಡಗು ಪರದೇಶದ ಬಂದರನ್ನು ಮುಟ್ಟದೆ ಅಮೆರಿಕದ ಬಂದರುಗಳಿಗೆ ಪ್ರಯಾಣಿಕರನ್ನು ಒಯ್ಯಬಾರದೆಂಬ 1886ರ ಕಾಯಿದೆಯಿಂದಾಗಿ ಅದು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ಅಮೆರಿಕದ ಪ್ರವಾಸಿ ವೀಸಾ ಹಿಡಿದು ಬಂದ ಭಾರತೀಯ ತಂದೆತಾಯಿಗಳಿಗೆ ಕೆನಡಾದ ವೀಸಾ ಕೂಡ ಬೇಕು, ಜತೆಗಿರುವ ಮಗನಿಗೆ ಗ್ರೀನ್ ಕಾರ್ಡ್ ಇದ್ದರೆ ಅವನಿಗೆ ಆ ವೀಸಾ ಬೇಕಾಗಿಲ್ಲದಿರುವುದರಿಂದ ಈ ವ್ಯತ್ಯಾಸ ಮನೆಯವರ ಗಮನಕ್ಕೇ ಬರುವುದಿಲ್ಲ. ಸ್ವದೇಶದೊಳಗೂ ಲಕ್ಷದ್ವೀಪಕ್ಕೆ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ಅಲ್ಲಿನ ಲಗೂನುಗಳ, ಎಂದರೆ ಹವಳದ ದಿಬ್ಬಗಳೊಳಗಿನ ಆಳವಿಲ್ಲದ ಕಡಲಿನ, ಹೊರಗೇ ದೊಡ್ಡ ಹಡಗು ಲಂಗರು ಹಾಕುವುದರಿಂದ ಓಲಾಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮಂಡಿನೋವಿನ ಹಿರಿಯರಿಗೆ ಇಡೀ ಯಾನದ ಕಠಿಣ ಗಳಿಗೆ ಅದು, ಮತ್ತು ಕಡಲು ಒರಟಾಗಿದ್ದರೆ ಆ ಇಳಿಯುವಿಕೆಯೇ ರದ್ದಾಗಬಹುದು. ಬಂದರನ್ನು ಬಿಟ್ಟು ಮುಂದೆ ಹೋಗುವ ಹಕ್ಕನ್ನು ಕಂಪನಿಗಳು ಟಿಕೆಟಿನ ಕರಾರಿನಲ್ಲಿ ಮೊದಲೇ ಕಾಯ್ದಿರಿಸಿಕೊಂಡಿರುತ್ತವೆ.

ಈ ಬರಹಗಳಲ್ಲಿ ಗುಣವೇ ಇಲ್ಲವೆನ್ನುವುದು ಅನ್ಯಾಯವಾದೀತು. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಕೊನೆಯವರೆಗೆ ಮತ್ತೆ ಕಟ್ಟಬೇಕಾಗಿಲ್ಲವೆಂಬ, ವಯಸ್ಸಾದವರಿಗೆ ನಿಜಕ್ಕೂ ದೊಡ್ಡದಾದ ಅನುಕೂಲವನ್ನು ಅವು ಸರಿಯಾಗಿ ಗುರುತಿಸಿವೆ. ಸಸ್ಯಾಹಾರದ ಬೇಡಿಕೆಯನ್ನು ಟಿಕೆಟು ತೆಗೆಯುವಾಗಲೇ ಬರೆಸಬೇಕೆಂದೂ, ಮನೆಯಲ್ಲಿ ಮಾಡಿದ ಅಡುಗೆಯನ್ನು ಹಲವು ಹಡಗುಗಳು ಒಳಗೆ ಬಿಡುವುದಿಲ್ಲವೆಂದೂ ಎಚ್ಚರಿಸಿವೆ. ಇಷ್ಟು ಸಲ್ಲಬೇಕಾದ ಮನ್ನಣೆ.

ಇದಕ್ಕಿಂತ ದೊಡ್ಡ ತಕರಾರು ಕ್ರೂಸ್ ಎಂದರೆ ಮೂಗು ಮುರಿಯುವ ವಿಮರ್ಶಕರೊಡನೆ ಇದೆ. ಅವರ ವಾದದಂತೆ ಕನ್ನಡದ ನಿಜವಾದ ಕಡಲ ಬರಹ 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದ ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’ದಂಥದ್ದು, ಇಂದಿನ ಹಡಗು ಪಯಣವಲ್ಲ, ಬರೀ ಭೋಗ, ಆದ್ದರಿಂದ ಅದರ ಸಲಹಾ ಬರಹವನ್ನು ಓದುವುದೂ ವ್ಯರ್ಥ. ಈ ತಿರಸ್ಕಾರಕ್ಕೆ ಅವರು ಅಮೆರಿಕದ ಲೇಖಕ ಡೇವಿಡ್ ಫಾಸ್ಟರ್ ವಾಲೆಸ್ 1996ರಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕ್ರೂಸ್ ಪ್ರಬಂಧವನ್ನು ಬೆಂಬಲಕ್ಕೆ ಕರೆಯುವುದೂ ಉಂಟು. ಆ ಪ್ರಬಂಧದ ಹರಿತವಾದ ಭಾಗ ಭೋಗದ ಅಣಕದಲ್ಲಿಲ್ಲ. ಕಂಪನಿಯ ಕರಪತ್ರದಲ್ಲಿ ಪ್ರಬಂಧದ ವೇಷ ತೊಟ್ಟು ಬಂದ ಹಣ ಪಡೆದ ಬರಹವೊಂದನ್ನು ವಾಲೆಸ್ ಹಿಡಿದು ಜಗ್ಗುವ ಕಡೆ ಇದೆ, ಎಂದರೆ ತಿರಸ್ಕರಿಸಬೇಕೆನಿಸುವ ಬರಹವನ್ನು ಸಾಲು ಸಾಲಾಗಿ ಓದುವ ಶ್ರಮದಲ್ಲಿದೆ. ಆ ಶ್ರಮವನ್ನು ಬಿಟ್ಟು ಅಣಕವನ್ನು ಮಾತ್ರ ಎರವಲು ತಂದವರು ತಮಗೇ ಅರಿವಿಲ್ಲದಂತೆ ಎದುರಾಳಿಯ ರೂಪಕವನ್ನೇ ಒಪ್ಪಿಕೊಂಡಿದ್ದಾರೆ: ಸಲಹೆಗಾರರು ಹಡಗನ್ನು ಹೋಟೆಲೆಂದು ಹೊಗಳುತ್ತಾರೆ, ಇವರು ಹೋಟೆಲೆಂದು ಹಳಿಯುತ್ತಾರೆ, ಎರಡೂ ಪಕ್ಷಕ್ಕೆ ಕೆಳಗಿರುವ ಕಡಲು ಕಾಣುವುದಿಲ್ಲ. ಸಮುದ್ರಯಾನವನ್ನು ಪಾತಕಗಳ ಸಾಲಿಗೆ ಸೇರಿಸಿದ ಬೌಧಾಯನ ಧರ್ಮಸೂತ್ರ ಕೂಡ, ನಿಷೇಧ ಎಷ್ಟೇ ಅಸಮ್ಮತವಾಗಿರಲಿ, ಕಡಲು ದಾಟುವವರು ಬೇರೊಂದು ಕಟ್ಟಳೆಯ ಸೀಮೆಗೆ ಕಾಲಿಡುತ್ತಾರೆಂಬುದನ್ನು ಇವರಿಬ್ಬರಿಗಿಂತ ಸ್ಪಷ್ಟವಾಗಿ ಅರಿತಿತ್ತು.

ಸೊಕ್ಕೆಯ ಓದುಗರಿಗೆ ಹೊಸ ರೂಪಕವೊಂದನ್ನು ಕಲಿಸಬೇಕಾದ ಅಗತ್ಯವೂ ಇಲ್ಲ. ಜಗಳೂರಿನಿಂದ ಊರಿಗೆ ಹೊರಡುವ ಕೊನೆಯ ಬಸ್ಸು ಯಾರಿಗೂ ಕಾಯುವುದಿಲ್ಲವೆಂದೂ, ಹಿಂದಿನ ಸೀಟಿನಲ್ಲಿ ಕುಲುಕಾಟ ಹೆಚ್ಚೆಂದೂ, ಔಷಧಿ ಮತ್ತು ಕಾಗದಪತ್ರಗಳ ಚೀಲವನ್ನು ಬಸ್ಸಿನ ಮೇಲೆ ಹಾಕದೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕೆಂದೂ, ರಸ್ತೆ ಕೆಟ್ಟರೆ ಬಸ್ಸು ಬೇರೆ ದಾರಿ ಹಿಡಿಯುತ್ತದೆಂದೂ ಅವರು ಬಲ್ಲರು. ಹಡಗಿನ ವಿಷಯದಲ್ಲಿ ಬೇಕಾದದ್ದು ಬಹುಪಾಲು ಇದೇ ತಿಳಿವಳಿಕೆ. ಸಲಹಾ ಬರಹ ಅದನ್ನು ಬಳಸಿಕೊಳ್ಳುವ ಬದಲು ಹೋಟೆಲಿನ ಮಾತಾಡಿ ಮರೆಸುತ್ತದೆ. ಹಡಗಿನ ಟಿಕೆಟಿನ ಹಿಂದಿರುವ ಕರಾರನ್ನು ತೆರೆದು ನೋಡಿದರೆ, ಹಲವು ಸಲ ಕಂಪನಿ ತನ್ನನ್ನು ಆತಿಥೇಯನೆಂದಾಗಲಿ ಕೊಂಡವರನ್ನು ಅತಿಥಿಗಳೆಂದಾಗಲಿ ನಂಬಿ ಬರೆದುಕೊಂಡಿರುವುದಿಲ್ಲ. ಕಡಲ ಪ್ರಯಾಣಿಕರ ಸಾಗಾಟವನ್ನು ಕುರಿತ 1974ರ ಅಥೆನ್ಸ್ ಒಡಂಬಡಿಕೆಯಂತೆಯೇ ಅಲ್ಲಿಯೂ ಒಂದು ಪಕ್ಷದ ಹೆಸರು ವಾಹಕ, ಇನ್ನೊಂದು ಪಕ್ಷದ ಹೆಸರು ಪ್ರಯಾಣಿಕ.